ತಾಳದ ಹಿಂದ ಬೀಳೂ ಹೆಜ್ಜಿ

"ಹಿಂದ ಬೀಳಾಕತ್ತದ ನೋಡು ಬೇ ನಿನ್ ಹೆಜ್ಜಿ" ಅಂತ ನಮ್ಮ ಮಾವಾರು ಪಡಸಾಲ್ಯಾಗಿಂದ ಕೂಗಿದ್ರು. ಅವರಿಗೆ ಟಿವಿ ಕಾಣಂಗಿಲ್ಲ, ಬಾಗಿಲಕ್ಕ ಪರದೆ ಅದ, ನಾ ಒಳಗ ಏನ್ ಮಾಡಾಕತ್ತೀನಿ ಅಂತ ಒಂದಿನಾನೂ ಇಣುಕಿ ನೋಡಿದವರಲ್ಲ. ಅವರ ಕಿವಿಗೆ ಬೀಳ್ತಿದ್ದದ್ದು ಎರಡೇ, ಸ್ಪೀಕರಿನ ಹಾಡು, ನನ್ನ ಕಾಲಿನ ಧಪ್ ಧಪ್. ನನಗ ಸಿಟ್ಟು ಬಂತು. ನಲವತ್ತೆರಡು ವರ್ಷದ ಹೆಂಗಸು, ಬಾಗ್ಲಾ ಹಾಕ್ಕೊಂಡು, ಕಿಟಕಿ ಪರದೆ ಎಳ್ಕೊಂಡು, ಫ್ಯಾನ್ ಐದಕ್ಕಿಟ್ಟು, ಯಾರೂ ನೋಡಬಾರದು ಅಂತಾನೇ ಟಿವಿ ಆಟದ ಡ್ಯಾನ್ಸ್ ಮ್ಯಾಟಿನ ಮ್ಯಾಲ ಕುಣಿಯಾಕತ್ತೀನಿ, ಅದಕ್ಕೂ ಒಬ್ರು ಹೊರಗ ಕುಂತು ತಪ್ಪು ಹಿಡಿಯೂದಾ?

ಇದು ಶುರುವಾಗಿದ್ದು ಶುಗರಿಂದ. ಹೋದ ಫೆಬ್ರುವರ್ಯಾಗ ಸುಮ್ನ ಒಂದು ರಕ್ತದ ಟೆಸ್ಟ್ ಮಾಡಿಸ್ದೆ, ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೂದು, ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ತನಕ ಇದ್ರ ಅದು ಇನ್ನೂ ಶುಗರ್ ಅಲ್ಲ, ಶುಗರಿನ ಹೊಸ್ತಿಲು. ಡಾಕ್ಟ್ರು ಗುಳಿಗಿ ಬರೀಲಿಲ್ಲ, ಅನ್ನ ಕಮ್ಮಿ ಮಾಡ್ರಿ, ವಾರಕ್ಕ ನೂರೈವತ್ತು ನಿಮಿಷ ಮೈ ಬೆವರೂ ಹಂಗ ನಡೀರಿ ಅಂದ್ರು. ನೂರೈವತ್ತು ಅನ್ನೂದು ಅವರ ಸ್ವಂತ ಲೆಕ್ಕ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳೂದು ಅಷ್ಟ, ಕಮ್ಮಿ ಅಂದ್ರ 150 ನಿಮಿಷ. ನಾ ಗಣಿತ ಟೀಚರ್, ಭಾಗಾಕಾರ ಮಾಡ್ದೆ, ದಿನಕ್ಕ ಇಪ್ಪತ್ತೊಂದೂವರಿ ನಿಮಿಷ. ಏನ್ ಮಹಾ ಅನ್ನಿಸ್ತು.

ಆದ್ರ ಡಾಕ್ಟ್ರು ರಾಯಚೂರಿನ ಏಪ್ರಿಲ್ ಮರತಿದ್ರು. ಉತ್ತರಕ್ಕ ಕೃಷ್ಣಾ, ದಕ್ಷಿಣಕ್ಕ ತುಂಗಭದ್ರಾ, ನಡುವ ನಾವು, ನಕಾಶದಾಗ ನೋಡಿದವರು ಏನ್ ತಂಪಿರಬೇಕಪ್ಪಾ ಅಂತಾರ. ಇಲ್ಲಿ ಬ್ಯಾಸಿಗ್ಯಾಗ ನಲವತ್ತು ದಾಟೂದು ಸುದ್ದೀನೇ ಅಲ್ಲ. ಸಂಜಿ ಏಳಕ್ಕೂ ರೋಡಿನ ಡಾಂಬರು, ಕೋಟಿ ಕಲ್ಲು, ಮನಿ ಗ್ವಾಡಿ ಎಲ್ಲಾ ಹಗಲೆಲ್ಲಾ ಕುಡಿದ ಬಿಸಿ ವಾಪಸ್ ಕೊಡಾಕತ್ತಿರ್ತಾವ. ಬೆಳಿಗ್ಗೆ ಐದೂವರಿಗೆ ಸ್ಟೇಡಿಯಂಗೆ ಹೋಗ್ಬಹುದು, ಹೋಗಾವರು ಭಾಳ ಮಂದಿ ಅದಾರ, ಆದ್ರ ಐದೂವರಿಗೆ ನಾ ಹೋದ್ರ ಡಬ್ಬಿಗೆ ರೊಟ್ಟಿ ಬಡಿಯಾವರು ಯಾರು? ಮತ್ತ ಇನ್ನೊಂದು ಮಾತು, ಹೇಳ್ಬಾರದು ಅನ್ಕೊಂಡಿದ್ದೆ, ಹೇಳೇಬಿಡ್ತೀನಿ. ರೋಡಿಗೆ ನಡಿಯಾಕ ಹೋದ್ರ ನಾಕು ಹೆಜ್ಜಿಗೊಬ್ರು ಪಾಲಕರು ಸಿಗ್ತಾರ, "ಟೀಚರ್, ನಮ್ ಹುಡುಗ ಹೆಂಗ ಓದ್ತಾನ್ರೀ" ಅಂತ ನಿಲ್ಲಿಸ್ತಾರ, ನಡಿಯೂದು ಹತ್ತು ನಿಮಿಷ, ನಿಲ್ಲೂದು ಅರ್ಧ ತಾಸು, ಅದೂ ಬೂಟು ಹಾಕ್ಕೊಂಡು, ಪಂಜಾಬಿ ಡ್ರೆಸ್ಸಿನ್ಯಾಗ, ಬೆವತ ಮಾರಿ ಇಟ್ಕೊಂಡು.

ಮ್ಯಾಟು ನನಗ ಅಂತ ತಂದಿದ್ದಲ್ಲ. ಎಂಟನೇ ಕ್ಲಾಸಿನ ಮಗ ಹುಟ್ಟಿದಹಬ್ಬಕ್ಕ ಬೇಕಂದಿದ್ದ, ಆನ್‌ಲೈನಾಗ ಸಾವಿರದ ಎಂಟುನೂರು ಕೊಟ್ಟು ತರಿಸಿದ್ವಿ. ಮೂರಡಿ ಉದ್ದ, ಸ್ವಲ್ಪ ಕಮ್ಮಿ ಮೂರಡಿ ಅಗಲದ ಪ್ಲಾಸ್ಟಿಕ್ ಹಾಸು, ಮ್ಯಾಲ ಮುಂದ, ಹಿಂದ, ಎಡಕ, ಬಲಕ ನಾಕು ಬಾಣ, ನಡುವ ಖಾಲಿ ಮನಿ, ಯುಎಸ್‌ಬಿ ವೈರು. ಎರಡು ವಾರ ಕುಣಿದ, ಮೂರನೇ ವಾರ ಮ್ಯಾಟು ಅಲ್ಮಾರಿ ಮ್ಯಾಲ ಹೋತು. ಮಕ್ಕಳ ಆಟಿಗಿ ಎಲ್ಲಾ ಹಂಗ, ನಮ್ಮ ಕಾಲದಾಗ ಆಟಿಗಿನೇ ಇರಲಿಲ್ಲ ಅಂತ ಭಾಷಣ ಮಾಡಿದ್ದೂ ಆತು. ಒಂದಿನ ಅಲ್ಮಾರಿ ಧೂಳಾ ಹೊಡಿಬೇಕಾದ್ರ ಕೆಳಗ ಬಿತ್ತು, ಬಿಚ್ಚಿ ನೆಲಕ್ಕ ಹಾಸಿದೆ. ಹಾಸಿ ನೋಡಿದ ಕೂಡ್ಲೇ ನನಗ ಹೊಳದದ್ದು ಕುಂಟಬಿಲ್ಲಿ. ಅದೇ ಚೌಕ, ಅದೇ ಮನಿ, ಗೆರಿ ತುಳದ್ರ ಔಟು. ನಾವು ಇದ್ದಲಿಲೆ ಗೆರಿ ಹೊಡದು, ಹೆಂಚಿನ ಚೂರು ಒಗದು, ಸಂಜಿತನಕ ಕುಂಟ್ತಿದ್ವಿ. ಯಾವ ವರ್ಷ ಬಿಟ್ಟೆ ಅಂತ ನೆನಪಿಲ್ಲ. ಬಿಡ್ತೀನಿ ಅಂತ ಯಾರೂ ಹೇಳಿ ಬಿಡಂಗಿಲ್ಲಲ್ಲ, ಒಂದಿನ ಆಡ್ತೀವಿ, ಮರದಿನ ದೊಡ್ಡಾಕಿ ಆದಿ ಅಂತಾರ, ಮುಗೀತು.

ಆಟ ಹೆಂಗ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಟಿವಿ ಮ್ಯಾಲಿನ ತುದ್ಯಾಗ ನಾಕು ಬಾಣ ಅಲುಗಾಡದಂಗ ನಿಂತಿರ್ತಾವ. ಕೆಳಗಿಂದ ಬ್ಯಾರೆ ಬಾಣ ಹಾಡಿನ ತಾಳಕ್ಕ ಸರಿಯಾಗಿ ಮ್ಯಾಲ ಏರಿ ಬರ್ತಾವ. ಏರಿ ಬಂದ ಬಾಣ ನಿಂತ ಬಾಣದ ಮ್ಯಾಲ ಸರಿ ಕುಂತ ಕ್ಷಣಕ್ಕ ನೀವು ಕಾಲಾಗಿನ ಅದೇ ಬಾಣ ತುಳೀಬೇಕು. ಸರಿಯಾದ್ರ ಪರ್ಫೆಕ್ಟು, ಸ್ವಲ್ಪ ಆಚೀಚಿ ಆದ್ರ ಗ್ರೇಟು, ಗುಡ್ಡು, ಬಿಟ್ರ ಮಿಸ್ಸು. ಎರಡು ಬಾಣ ಜೋಡಿ ಬಂದ್ರ ಎರಡೂ ಕಾಲ್ಲೆ ಜಿಗೀಬೇಕು. ಇಷ್ಟ. ಜಪಾನಿನ ಕೊನಾಮಿ ಕಂಪನಿ 1998ರಾಗ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಅಂತ ಅಂಗಡ್ಯಾಗ ನಿಲ್ಲಿಸೂ ದೊಡ್ಡ ಮಷಿನ್ ತಂತು, ಮರು ವರ್ಷನೇ ಪ್ಲೇಸ್ಟೇಷನ್ನಿಗೆ ಮನ್ಯಾಗ ಆಡೂದೂ ಬಂತು. ಕೊರಿಯಾದವರು 1999ರಾಗ ಪಂಪ್ ಇಟ್ ಅಪ್ ತಂದ್ರು, ಅದರಾಗ ಐದು ಮನಿ, ನಾಕು ಮೂಲಿಗೆ ನಾಕು, ನಡುವ ಒಂದು. ಕಾಲ್ಲೆ ಆಡೂ ಹಾಸು ಅಂದ್ರ ಅದಕ್ಕೂ ಹಳೇದು, ಬಂದಾಯ್ ಕಂಪನಿ 1986ರಾಗ ಫ್ಯಾಮಿಲಿ ಟ್ರೇನರ್ ಅಂತ ಹನ್ನೆರಡು ಗುಂಡಿಯ ಹಾಸು ಮಾಡಿತ್ತು, ಆಗ ನಾ ಕುಂಟಬಿಲ್ಲಿ ಆಡೂ ವಯಸ್ಸಿನ್ಯಾಗ ಇದ್ದೆನೋ ಇಲ್ಲೋ.

ಇವೆಲ್ಲಾ ನನಗ ಹೇಳಿದ್ದು ಬೆಂಗಳೂರಾಗ ಇಂಜಿನಿಯರಿಂಗ್ ಓದೂ ನಮ್ಮಣ್ಣನ ಮಗ. ಮ್ಯಾಟಿನ ಜೋಡಿ ಬಂದಿದ್ದ ಸಿಡಿಯಾಗಿನ ಹಾಡು ಕೇಳಿದ್ರ ತಲಿನೋವು ಬರ್ತಿತ್ತು, ಅದನ್ನ ಬಿಡು ಅತ್ತಿ, ಸ್ಟೆಪ್‌ಮೇನಿಯಾ ಹಾಕ್ಕೋ, ಇಂಥಾ ಆಟ ಆಡೂ ಸಾಫ್ಟ್‌ವೇರ್, ಪುಕ್ಕಟೆ ಅದ, 2001ರಿಂದ ಮಂದಿ ಸೇರಿ ಮಾಡಿಟ್ಟಾರ, ಹಳೇ ಲ್ಯಾಪ್‌ಟಾಪಿಗೂ ಓಡ್ತದ, ನಿನಗ ಬೇಕಾದ ಹಾಡಿಗೆ ನೀನೇ ಹೆಜ್ಜಿ ಬರಕೋಬಹುದು ಅಂದ. ಹಾಕ್ಕೊಂಡೆ. ಲ್ಯಾಪ್‌ಟಾಪಿಂದ ಎಚ್‌ಡಿಎಂಐ ವೈರ್ ಟಿವಿಗೆ, ಟಿವಿ ಸ್ಪೀಕರ್ ಕೆಟ್ಟು ವರ್ಷ ಆಗಿತ್ತು, ಅದಕ್ಕ ದನಿ ಮಾತ್ರ ಲ್ಯಾಪ್‌ಟಾಪಿನಿಂದ ಸೀದಾ ಹಳೇ ಡಬ್ಬಿ ಸ್ಪೀಕರಿಗೆ. ಈ ಸ್ಪೀಕರಿನ ಮಾತು ನೆನಪಿಡ್ರಿ, ಮುಂದ ಬರ್ತದ.

ಮೊದಲನೇ ದಿನ ನೈಟಿ ಮ್ಯಾಲೇ ನಿಂತೆ. ಒಂದು ಹಾಡು ಅಂದ್ರ ಒಂದೂವರಿ ಎರಡು ನಿಮಿಷ, ಅಷ್ಟರಾಗ ನೈಟಿ ಎರಡು ಸಲ ಕಾಲಿಗೆ ಸಿಕ್ಕು ಟೀಪಾಯಿ ಹಿಡಕೊಂಡು ನಿಂತೆ, ಮ್ಯಾಟು ನಯ ಟೈಲ್ಸ್ ಮ್ಯಾಲ ಜಾರಿ ಜಾರಿ ಸೋಫಾ ತನಕ ಹೋಗಿತ್ತು, ನಾನೂ ಅದರ ಹಿಂದ ಹೋಗಿದ್ದೆ. ಕೆಳಗ ಜಮಖಾನ ಹಾಸಿದೆ, ಅದು ಇನ್ನಾ ಘೋರ, ಮುದ್ದಿ ಮುದ್ದಿ ಆಗ್ತದ. ಕಡೀಗೆ ಬಡಿಗ್ಯಾರ ಹತ್ರ ಮೂರಡಿ ಚೌಕದ ಪ್ಲೈವುಡ್ ಕೊಯ್ಸಿ, ಅದಕ್ಕ ಮ್ಯಾಟು ನಾಕೂ ಕಡೆ ಟೇಪ್ ಹಚ್ಚಿ, ಕೆಳಗ ಹಳೇ ಯೋಗಾ ಮ್ಯಾಟ್ ತುಂಡು ಹಾಕಿದ ಮ್ಯಾಲ ಕದಲೂದು ನಿಂತಿತು. ಬಡಿಗ್ಯಾರು ಏನಕ್ರೀ ಅಕ್ಕಾರ ಅಂತ ಕೇಳಿದ್ರು. ರೊಟ್ಟಿ ಬಡಿಯಾಕ ಅಂದೆ. ಯಾಕ ಸುಳ್ಳು ಹೇಳಿದೆ ನನಗ ಗೊತ್ತಿಲ್ಲ.

ನಾಚಿಕಿ ಅನ್ನೂದು ವಿಚಿತ್ರ ವಸ್ತು ನೋಡ್ರಿ. ಮುಂಜಾನಿಂದ ಐವತ್ತು ಹುಡುಗರ ಮುಂದ ನಿಂತು ಪಾಠ ಮಾಡ್ತೀನಿ, ನಾಚಿಕಿ ಇಲ್ಲ. ಮನ್ಯಾಗ ಒಬ್ಬಾಕಿನೇ ಇದ್ದಾಗ ಕೈ ಮ್ಯಾಲ ಎತ್ತಿ ಕುಣಿಯಾಕ ನಾಚಿಕಿ. ಹೊರಗಿನ ಕಣ್ಣು ಇರ್ಲಿ ಇಲ್ಲದಿರ್ಲಿ, ಒಂದು ಕಣ್ಣು ನಾವೇ ಹೊತ್ಕೊಂಡು ತಿರಗ್ತೀವಿ. ಈ ಮ್ಯಾಟಿನ ಉಪಕಾರ ಏನಂದ್ರ ಅದು ಕುಣಿ ಅನ್ನಂಗಿಲ್ಲ. ಎಡಕ, ಬಲಕ, ಮುಂದ ಅನ್ನತದ ಅಷ್ಟ. ಸೊಂಟ ಹೆಂಗ ತಿರುಗಿತು, ಕೈ ಎಲ್ಲಿತ್ತು, ಚಂದ ಕಂಡಿತೋ ಇಲ್ಲೋ ಅದಕ್ಕ ಬೇಕಾಗಿಲ್ಲ. ಲೆಕ್ಕ ಬಿಡಿಸಿದಂಗ, ಉತ್ತರ ಸರಿ ಇದ್ರ ಮಾರ್ಕ್ಸು. ನನ್ನಂಥಾಕಿಗೆ ಇದಕ್ಕಿಂತ ಸರಳ ದಾರಿ ಇರಲಿಲ್ಲ.

ದಿನಾ ಸಾಲಿಯಿಂದ ಬಂದು ಚಾ ಕುಡದು ಹತ್ತು ಹಾಡು ಅಂತ ಇಟ್ಕೊಂಡೆ. ನಡುನಡುವ ಉಸಿರು ತಗೊಂಡು ಎಲ್ಲಾ ಕೂಡಿ ಇಪ್ಪತ್ತೈದು ನಿಮಿಷ. ಒಂದಿನ ಮೂರು ಹಾಡು ಆದ ಕೂಡ್ಲೇ ಮಣಿಕಟ್ಟು ಹಿಡದು ಹದಿನೈದು ಸೆಕೆಂಡ್ ನಾಡಿ ಎಣಿಸ್ದೆ, 33. ನಾಕರಿಂದ ಗುಣಿಸಿದ್ರ 132. ಮಂದಿ ಇಟ್ಕೊಳ್ಳೂ ಒರಟು ಲೆಕ್ಕ ಏನಂದ್ರ 220ರಾಗ ವಯಸ್ಸು ಕಳದ್ರ ಎದಿಬಡಿತದ ಗರಿಷ್ಠ, ನನಗ 178, ಅದರ ಅರ್ಧದಿಂದ ನೂರಕ್ಕ ಎಪ್ಪತ್ತರ ತನಕ ಬಂದ್ರ ಮಧ್ಯಮ ವ್ಯಾಯಾಮ, ಮ್ಯಾಲ ಹೋದ್ರ ಜೋರು. ನಂದು ನೂರಕ್ಕ ಎಪ್ಪತ್ನಾಲ್ಕು. ಸ್ಟೇಡಿಯಂ ಸುತ್ತ ಮಾತಾಡ್ಕೋತ ನಡದ್ರ ಈ ಲೆಕ್ಕ ಬರ್ತಿರಲಿಲ್ಲ, ಅಷ್ಟಂತೂ ಖರೇ. ಕ್ಯಾಲೊರಿ ತೋರಸ್ತೀವಿ ಅನ್ನೂ ಆಟಗಳೂ ಅದಾವ, ನಾ ಅವನ್ನ ನಂಬಂಗಿಲ್ಲ, ಬರೇ ತೂಕ ಕೇಳಿ, ಎಷ್ಟು ಬಾಣ ತುಳದ್ರು ಅಂತ ನೋಡಿ ಲೆಕ್ಕ ಹಾಕಿದ್ರ ಅದು ಲೆಕ್ಕ ಅಲ್ಲ, ಅಂದಾಜು.

ಇಷ್ಟೆಲ್ಲಾ ಆದ್ರೂ ಮಾರ್ಕ್ಸು ಬರ್ತಿರಲಿಲ್ಲ. ಎಲ್ಲಾ ಗುಡ್ಡು, ಗುಡ್ಡು, ಮಿಸ್ಸು. ನಲವತ್ತು ದಾಟಿದ ಕಾಲು, ಇಷ್ಟಕ್ಕ ಸಾಕು ಅನ್ಕೊಂಡಿದ್ದೆ. ಆವಾಗ ಮಾವಾರು ಹೊರಗಿಂದ ಆ ಮಾತಂದದ್ದು.

ಮಾವಾರ ಬಗ್ಗೆ ಹೇಳ್ಬೇಕು. ಅವರದು ಮುದಗಲ್ಲಿನ ಕಡೆಯ ಹಳ್ಳಿ. ಮುದಗಲ್ಲಿನ ಮೊಹರಂ ಅಂದ್ರ ಸುತ್ತ ಹತ್ತು ಊರಿಂದಲ್ಲ, ಎಲ್ಲೆಲ್ಲಿಂದಲೋ ಮಂದಿ ಬರ್ತಾರ. ನಮ್ಮ ಭಾಗದಾಗ ಅದು ಒಂದೇ ಧರ್ಮದ ಹಬ್ಬ ಅಂತ ಯಾರೂ ಹೇಳಂಗಿಲ್ಲ, ಅಲಾಯಿ ಹಬ್ಬ ಅಂತೀವಿ, ದೇವ್ರಿಗೆ ಸಕ್ಕರಿ ಓದಿಸ್ತೀವಿ, ಚೊಂಗ್ಯಾ ಅನ್ನೂ ಸಿಹಿ ಮಾಡ್ತೀವಿ, ಅಲಾಯಿ ಕುಣಿ ಅಂದ್ರ ಬೆಂಕಿ ಹಾಕೂ ತೆಗ್ಗು, ಅದರ ಸುತ್ತ ಊರಿಗೂರೇ ಹೆಜ್ಜಿ ಹಾಕ್ತದ. ಮಾವಾರು ಹುಡುಗರಿದ್ದಾಗ ಹೆಜ್ಜಿಮೇಳದಾಗ ಇದ್ರು. ಕಾಲಿಗೆ ಗೆಜ್ಜಿ, ಕೈಯಾಗ ಕರವಸ್ತ್ರ, ಒಬ್ಬಾಂವ ರಿವಾಯತ್ ಪದ ಎತ್ತಾಂವ, ಹಸನ್ ಹುಸೇನರ ಕತಿ, ಉಳಿದವರು ಅದನ್ನ ಹಿಡಕೊಂಡು ಸುತ್ತಾವರು, ಹಲಗಿ ಏರಿದಂಗ ಹೆಜ್ಜಿ ಏರೂದು. ಇದೆಲ್ಲಾ ನಾ ಮದಿವಿ ಆಗಿ ಬಂದ ಹದಿನೆಂಟು ವರ್ಷದಾಗ ಅವರ ಬಾಯಿಂದ ಒಂದ್ಸಲಾನೂ ಕೇಳಿರಲಿಲ್ಲ. ಮಾವ ಅಂದ್ರ ಪೇಪರು, ಬೀಡಿ ಬಿಟ್ಟದ್ದರ ಹೆಮ್ಮಿ, ಮೊಣಕಾಲು ನೋವಿನ ಎಣ್ಣಿ, ಇಷ್ಟ ನನಗ ಗೊತ್ತಿದ್ದದ್ದು.

ಸಿಟ್ಟಿಗೆ "ಹೆಂಗ ಗೊತ್ತಾತ್ರೀ ನಿಮಗ, ನೋಡಿಲ್ಲ ಮಾಡಿಲ್ಲ" ಅಂದೆ. "ನೋಡೂದೇನದ ಬೇ ಅದರಾಗ, ಹಲಗಿ ಬೀಳೂದು ಕೇಳ್ತದ, ನಿನ್ ಕಾಲು ಬೀಳೂದು ಕೇಳ್ತದ. ಹಲಗಿ ಮುಂದ, ನೀ ಹಿಂದ. ಎಲ್ಲಾ ಹೆಜ್ಜಿನೂ ಅಷ್ಟಷ್ಟೇ ಹಿಂದ. ತಪ್ಪೋ ಮನಷ್ಯಾ ಒಮ್ಮಿ ಮುಂದ ತಪ್ಪತಾನ, ಒಮ್ಮಿ ಹಿಂದ ತಪ್ಪತಾನ. ನೀ ಒಂದೇ ಸಮ ಹಿಂದ ಇದ್ದಿ."

ಒಂದೇ ಸಮ ಹಿಂದ. ಗಣಿತ ಟೀಚರಿಗೆ ಹೇಳಿದ್ರು ನೋಡ್ರಿ ಈ ಮಾತು. ತಪ್ಪು ಆಚೀಚಿ ಚೆಲ್ಲಿದ್ರ ಅದು ಕೈತಪ್ಪು, ಒಂದೇ ಕಡೆ ಒಂದೇ ಅಳತಿ ಇದ್ರ ಅಳಿಯೂ ಕೋಲೇ ತಪ್ಪು. ನಮ್ಮಣ್ಣನ ಮಗನಿಗೆ ಫೋನ್ ಹಚ್ಚಿ ಹೇಳಿದೆ. ಅಂವ ನಕ್ಕ. ಅತ್ತಿ, ಅದು ಟಿವಿ ಲ್ಯಾಗು ಅಂದ. ಈಗಿನ ಎಲ್‌ಇಡಿ ಟಿವಿ ಬಂದ ಚಿತ್ರ ಬಂದಂಗ ತೋರಸಂಗಿಲ್ಲ, ಅದನ್ನ ನಯ ಮಾಡಿ, ಬಣ್ಣ ತಿದ್ದಿ, ಶೃಂಗಾರ ಮಾಡಿ ಆಮ್ಯಾಲ ತೋರಸ್ತದ, ಅದಕ್ಕ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಹಿಡಿಯೂದೂ ಉಂಟು. ಸೀರಿಯಲ್ ನೋಡಾಕ ಏನೂ ತ್ರಾಸಿಲ್ಲ, ದನಿನೂ ಟಿವಿಯಿಂದ್ಲೇ ಬಂದ್ರ ಎರಡನ್ನೂ ಸರಿ ಹೊಂದಿಸಿ ಬಿಡ್ತದ. ನಮ್ಮ ಮನ್ಯಾಗ ದನಿ ಲ್ಯಾಪ್‌ಟಾಪಿನಿಂದ ಸೀದಾ ಡಬ್ಬಿ ಸ್ಪೀಕರಿಗೆ ಬರ್ತದ, ಚಿತ್ರ ಟಿವಿ ಒಳಗ ಮೇಕಪ್ ಮುಗಿಸ್ಕೊಂಡು ತಡಾಗಿ ಬರ್ತದ. ನಾ ಚಿತ್ರ ನೋಡಿ ತುಳೀತೀನಿ, ಮಾವಾರು ದನಿ ಕೇಳ್ತಾರ. ಹಳೇ ಡಬ್ಬಿ ಟಿವ್ಯಾಗ ಈ ಗೋಳಿರಲಿಲ್ಲಂತ, ಬಂದ ಚಿತ್ರ ಬಂದಂಗ ಬೀಳ್ತಿತ್ತು.

ಸ್ಟೆಪ್‌ಮೇನಿಯಾದಾಗ ಪರ್ಫೆಕ್ಟ್ ಅನ್ನಿಸ್ಕೋಬೇಕಂದ್ರ ತಾಳದಿಂದ 45 ಮಿಲಿಸೆಕೆಂಡ್ ಒಳಗ ಕಾಲು ಬೀಳ್ಬೇಕು, ಗ್ರೇಟಿಗೆ 90, ಗುಡ್ಡಿಗೆ 135. ಹತ್ತನೇ ಒಂದು ಪಾಲು ಅಂದ್ರ ನೂರು ಮಿಲಿಸೆಕೆಂಡು. ಅಂದ್ರ ಎಷ್ಟು ಕರಾರುವಾಕ್ ತುಳದ್ರೂ ನನ್ನ ಹಣ್ಯಾಗ ಗುಡ್ಡು ಅಂತಾನೇ ಬರದಿತ್ತು. ಎರಡು ತಿಂಗಳು ನನ್ನ ಕಾಲಿಗೆ ಬೈಕೊಂಡಿದ್ದೆ, ವಯಸ್ಸಿಗೆ ಬೈಕೊಂಡಿದ್ದೆ, ತಪ್ಪು ಟಿವಿದು.

ಮಗ ಟಿವಿ ಸೆಟ್ಟಿಂಗ್ ಒಳಗ ಹೋಗಿ ಗೇಮ್ ಮೋಡ್ ಆನ್ ಮಾಡಿದ, ಆ ಶೃಂಗಾರ ಎಲ್ಲಾ ಬಂದ್ ಆತು, ಉಳಿದಷ್ಟನ್ನ ಸ್ಟೆಪ್‌ಮೇನಿಯಾದಾಗೇ ತಿದ್ದಿದ. ಮರದಿನ ಕುಣಿದ್ರ ಪರ್ಫೆಕ್ಟು ಸುರದಂಗ ಸುರೀಬೇಕಿತ್ತಲ್ಲ, ಸುರೀಲಿಲ್ಲ. ಗ್ರೇಟಿಗೆ ಬಂದು ನಿಂತ್ತು. ಪಡಸಾಲ್ಯಾಗಿಂದ "ಈಗ ಅರ್ಧಾ ಸರಿ ಆತು" ಅಂತ ದನಿ ಬಂತು. ಪರದೆ ಸರಿಸಿ, "ಇನ್ನರ್ಧ ಏನ್ರೀ ಮಾವಾರ" ಅಂತ ಕೇಳೇಬಿಟ್ಟೆ. ಮೈಯೆಲ್ಲಾ ಬೆವರು, ಕೂದಲು ಮಾರಿಗೆ ಅಂಟಿತ್ತು, ತಲಿ ಮ್ಯಾಲ ಸೆರಗಿಲ್ಲ ಬಿಡ್ರಿ, ವೇಲೂ ಇಲ್ಲ. ಅವರು ಪೇಪರ್ ಕೆಳಗ ಮಾಡ್ಲಿಲ್ಲ. ಅದು ಅವರ ದೊಡ್ಡತನ ಅಂತ ಆಮ್ಯಾಲ ತಿಳೀತು. "ನೀ ನೋಡಿ ತುಳೀತಿ ಯವ್ವಾ. ನೋಡಿ ತುಳದ್ರ ಯಾವತ್ತೂ ತಡಾ. ಹಲಗಿ ಬಿದ್ದ ಮ್ಯಾಲ ಕಾಲು ಎತ್ತೂದಲ್ಲ, ಹಲಗಿ ಬೀಳೂ ಹೊತ್ತಿಗೆ ಕಾಲು ಬಿದ್ದಿರ್ಬೇಕು. ಮತ್ತ ನೆಲಾ ಒದಿಬ್ಯಾಡ, ಮುಟ್ಟು ಸಾಕು. ಕೆಳಗಿನ ಮನ್ಯಾಗೂ ಮಂದಿ ಅದಾರ."

ಕೆಳಗಿನವರು ಅದಾಗ್ಲೇ ನಮ್ಮನಿಯವ್ರ ಹತ್ರ ಮೆಲ್ಲಕ ಹೇಳಿದ್ರಂತ, ಸಂಜಿಮುಂದ ಮ್ಯಾಲ ಏನೋ ಕುಟ್ಟೂ ಸಪ್ಪಳ ಬರ್ತದ ಅಂತ. ನಮ್ಮನಿಯವ್ರು ಖಾರ ಕುಟ್ಟತಾರ ಅಂದಿದ್ರಂತ. ವಾರಕ್ಕ ಐದು ದಿನ ಖಾರ ಕುಟ್ಟೂ ಮನಿ! ಸುಳ್ಳಿನ್ಯಾಗ ಮಾತ್ರ ಗಂಡ ಹೆಂಡ್ತಿ ಇಬ್ರೂ ಅಡಗಿ ಮನಿ ಬಿಟ್ಟು ಹೊರಗ ಬಂದಿಲ್ಲ.

ಒದಿಬೇಕಿಲ್ಲ ಅನ್ನೂದು ಮ್ಯಾಟು ಬಿಚ್ಚಿದಾಗ ಕಣ್ಣಾರೆ ಕಂಡೆ. ಎಡಕಿನ ಬಾಣ ಸತ್ತಿತ್ತು, ಎಷ್ಟು ತುಳದ್ರೂ ಮಿಸ್ಸು. ಮಗ ಅಂಚಿನ ಹೊಲಿಗಿ ಬಿಚ್ಚಿದ. ಒಳಗ ಏನೂ ಇಲ್ರೀ, ಮ್ಯಾಲೊಂದು ಕೆಳಗೊಂದು ಹಾಳಿ, ಎರಡಕ್ಕೂ ಕರೆಂಟ್ ಹರಿಯೂ ಕಪ್ಪು ಪಟ್ಟಿ, ನಡುವ ತೂತು ತೂತಿನ ಸ್ಪಂಜು. ತುಳದಾಗ ತೂತಿನ್ಯಾಗ ಎರಡೂ ಹಾಳಿ ಒಂದಕ್ಕೊಂದು ಮುಟ್ಟತಾವ, ಕಾಲಿಂಗ್ ಬೆಲ್ ಒತ್ತಿದಂಗ. ಕಾಲೆತ್ತಿದ್ರ ಸ್ಪಂಜು ದೂರ ಮಾಡ್ತದ. ಇದಕ್ಕ ಬೇಕಾದ್ದು ಒಂದು ಬೆಕ್ಕಿನ ಹೆಜ್ಜಿ. ನಾ ಆನಿಯಂಗ ತುಳದು ಎಡಗಡೆ ಸ್ಪಂಜು ಸರದು ತೂತು ತಪ್ಪಿ ಕುಂತಿತ್ತು. ಸರಿ ಮಾಡಿ, ಡಬಲ್ ಟೇಪ್ ಹಚ್ಚಿ, ಮತ್ತ ಹೊಲದ್ವಿ. ಮೊಣಕಾಲಿನ ಕೆಳಗ ಮುಂದಿನ ಎಲುಬು ನೋಯೂದು ಯಾಕಂತನೂ ತಿಳೀತು, ನೋವಿಗೆ ಎಣ್ಣಿ ಹಚ್ಚೂದಕ್ಕಿಂತ ಒದಿಯೂದು ಬಿಟ್ಟದ್ದೇ ಕೆಲಸ ಮಾಡಿತು. ಈಗ ಬೂಟಿಲ್ಲ, ಆದ್ರ ಸಾಕ್ಸೂ ಹಾಕಂಗಿಲ್ಲ, ಜಾರ್ತದ.

ಇನ್ನೊಂದು ಕಲ್ತದ್ದು ನನ್ನಷ್ಟಕ್ಕ ನಾನೇ. ನಾ ಪ್ರತಿ ಬಾಣ ತುಳದ ಮ್ಯಾಲ ಕಾಲು ನಡುವಿನ ಖಾಲಿ ಮನಿಗೆ ವಾಪಸ್ ತರ್ತಿದ್ದೆ. ಎಡಕ ಹೋಗಿ ನಡುವಕ್ಕ, ಮುಂದ ಹೋಗಿ ನಡುವಕ್ಕ. ಹೊಸಬರು ಎಲ್ಲಾರೂ ಹಂಗ ಮಾಡ್ತಾರಂತ, ಅದಕ್ಕ ಕೆಲಸ ಡಬಲ್ ಆಗ್ತದ. ಪಳಗಿದವರು ವಾಪಸ್ ಬರಂಗೇ ಇಲ್ಲ, ಒಂದು ಕಾಲು ಬಾಣದ ಮ್ಯಾಲೇ ಬಿಟ್ಟು ಇನ್ನೊಂದು ಕಾಲು ಮುಂದಿನ ಬಾಣಕ್ಕ, ಎಡ ಬಲ ಎಡ ಬಲ, ನಡದಂಗ. ತುಳದ ಬಾಣದ ಮ್ಯಾಲೇ ಕಾಲಿಟ್ಕೊಂಡು ನಿಂತ್ರ ತಪ್ಪಲ್ಲ, ಯಾರೂ ಮಾರ್ಕ್ಸ್ ಕಳಿಯಂಗಿಲ್ಲ. ಇದು ಗೊತ್ತಿದ್ದೂ ಕಾಲು ಕೇಳ್ತಿರಲಿಲ್ಲ, ಓಡಿ ಓಡಿ ನಡುವಿನ ಮನಿಗೆ ಬರೂದೇ. ಇಪ್ಪತ್ತು ವರ್ಷದಿಂದ ಸಾಲಿಗೆ ಹೋಗಿ ಮನಿಗೆ, ಬಜಾರಕ್ಕ ಹೋಗಿ ಮನಿಗೆ, ತವರಿಗೆ ಹೋಗಿ ಮನಿಗೆ ಅಂತ ರೂಢಿಬಿದ್ದ ಕಾಲಲ್ಲ ಅಂತ ಒಂದಿನ ನಗು ಬಂತು, ಬಂದು ಹೋತು, ಮಾತು ದೊಡ್ಡದು ಮಾಡೂದು ಬ್ಯಾಡ.

ಕಣ್ಣು ಬಿಟ್ಟು ಕಿವಿ ಹಿಡಿಯೂದು ಮಾತ್ರ ಜೂನ್ ತನಕ ಹಿಡೀತು. ಬಾಣ ಎಲ್ಲಿಂದ ಬರ್ತದ ಅನ್ನೂದಕ್ಕಷ್ಟ ಕಣ್ಣು, ಯಾವಾಗ ಅನ್ನೂದಕ್ಕ ಕಿವಿ. ಬಾಣಕ್ಕ ಬಣ್ಣನೂ ಇರ್ತಾವ, ತಾಳದ ನಡಿ ಅಂದ್ರ ಪೆಟ್ಟಿನ ಮ್ಯಾಲ ಬೀಳೂದು ಕೆಂಪು, ಎರಡು ನಡಿ ನಡುವ ಬೀಳೂದು ನೀಲಿ. ನೀಲಿ ಬಂದ್ರ ಗಾಬರಿ ಆಗ್ತಿತ್ತು. ಮಾವಾರು "ಅದು ಮರಿಹೆಜ್ಜಿ, ಅದನ್ನ ಎಣಿಸ್ಬ್ಯಾಡ, ದೊಡ್ಡ ಹೆಜ್ಜಿ ಹಿಡಿ, ಮರಿ ತಾನಾಗೇ ಬರ್ತದ" ಅಂದ್ರು. ಬಂತು. ಒಂದು ಸಂಜಿ ಹಾಡು ಮುಗದಾಗ ತೆರಿ ಮ್ಯಾಲ ಎ ಗ್ರೇಡ್ ಬಂತು, ನಾ ಒಬ್ಬಾಕಿನೇ ಕೂಗಿದೆ, ಕುಕ್ಕರ್ ಸೀಟಿ ಅನ್ಕೊಂಡು ನಮ್ಮತ್ತಿ ಗ್ಯಾಸ್ ಆರಿಸಿದ್ರು.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಾಗ ಮಕ್ಕಳ ಬೊಜ್ಜು ಇಳಸಾಕ 2006ರಾಗ ತಮ್ಮ 765 ಸರಕಾರಿ ಸಾಲಿಗೂ ಇದೇ ಆಟ ಕೊಡ್ತೀವಿ ಅಂತ ಯೋಜನೆ ಹಾಕಿದ್ರಂತ. ಇದನ್ನ ಸ್ಟಾಫ್ ರೂಮಿನ್ಯಾಗ ಹೇಳಿದೆ. ಮ್ಯಾಟು ದೂರ ಇರ್ಲಿ ಮೇಡಂ, ಪಿಟಿ ಪೀರಿಯಡ್ ಗಣಿತಕ್ಕ ತಗೊಳ್ಳೂದು ಬಿಡ್ರಿ ಸಾಕು ಅಂದ್ರು ಒಬ್ರು. ನನಗೇ ಅಂದದ್ದು. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಅಂತ ಹೆದರಿ ವರ್ಷಾ ಪಿಟಿ ಪೀರಿಯಡ್ ಬೇಡಿ ತಗೊಳ್ಳಾಕಿ ನಾನೇ. ಈ ವರ್ಷ ತಗೊಂಡಿಲ್ಲ ಇನ್ನೂ. ಜನವರಿ ಬಂದ ಮ್ಯಾಲ ಏನ್ ಮಾಡ್ತೀನೋ ನೋಡ್ಬೇಕು.

ಜುಲೈದಾಗ ಮತ್ತ ರಕ್ತ ಕೊಟ್ಟೆ. 5.9. ತೂಕ 68 ಇದ್ದದ್ದು 66.8. ಹೊಸ್ತಿಲ ದಾಟಿ ಹೊರಗ ಬಂದಿಲ್ಲ, ಒಳಗೂ ಹೋಗಿಲ್ಲ. ಇದರಾಗ ಮ್ಯಾಟಿನ ಪಾಲೆಷ್ಟು, ರಾತ್ರಿ ಅನ್ನ ಬಿಟ್ಟು ಜ್ವಾಳದ ರೊಟ್ಟಿ ತಿಂದದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಾಕ ಆಗಂಗಿಲ್ಲ, ಎರಡು ಅವ್ಯಕ್ತ ಅದಾವ, ಸಮೀಕರಣ ಒಂದೇ ಅದ. ಆದ್ರ ಜಿಮ್ಮಿಗೆ ಎರಡು ಸಲ ರೊಕ್ಕ ಕಟ್ಟಿ ಒಂಬತ್ತು ದಿನ ಹೋದಾಕಿ ನಾನು, ಯೋಗದ ಮ್ಯಾಟು ಪ್ಲೈವುಡ್ಡಿನ ಕೆಳಗ ಅದ ಅಂತ ಅದಾಗ್ಲೇ ಹೇಳೀನಿ. ಆರು ತಿಂಗಳು ಒಂದೇ ಕೆಲಸ ಬಿಡದಂಗ ಮಾಡಿದ್ದು ಇದೊಂದೇ, ಅದೂ ವ್ಯಾಯಾಮ ಮಾಡ್ಬೇಕಲ್ಲ ಅಂತ ಅಲ್ಲ, ನಿನ್ನಿ ಹಾಡಿನ್ಯಾಗ ಮೂರು ಮಿಸ್ಸಾಗಿದ್ವು, ಇವತ್ತು ಎರಡಾದ್ರ ಸಾಕು ಅಂತ.

ಈ ಸಲ ಅಲಾಯಿ ಹಬ್ಬ ಮುಗದ ಮ್ಯಾಲ ಮಗನಿಗೆ ಒಂದು ಹುಚ್ಚು ಹತ್ತಿತು, ಅಜ್ಜನ ಹೆಜ್ಜಿಮೇಳದ ತಾಳಕ್ಕ ಬಾಣ ಬರೀತೀನಿ ಅಂತ. ಮಾವಾರು ಮೊದ್ಲು ಒಲ್ಲೆ ಅಂದ್ರು, ಆಮ್ಯಾಲ ಹಲಗಿ ಇಲ್ಲಲ್ಲ ಅಂದ್ರು, ಮಗ ಅಡಗಿಮನ್ಯಾಗಿನ ಸ್ಟೀಲ್ ಪರಾತ ತಂದು ಬೋರಲ ಇಟ್ಟ. ಎರಡು ಕಟಗಿ ಹಿಡಕೊಂಡು ಬಾರಿಸಿದ್ರು, ಮೊಬೈಲ್‌ನಾಗ ರೆಕಾರ್ಡ್ ಮಾಡಿದ. ಸ್ಟೆಪ್‌ಮೇನಿಯಾಕ್ಕ ಹಾಡಿನ ವೇಗ ಹೇಳ್ಬೇಕು, ನಿಮಿಷಕ್ಕ ಎಷ್ಟು ನಡಿ ಅಂತ. ಮಗ 96 ಅಂತ ಹಾಕಿದ, ಹತ್ತು ಸೆಕೆಂಡಿಗೆ ಬಾಣ ಎಲ್ಲೋ, ತಾಳ ಎಲ್ಲೋ. ಸಿನಿಮಾ ಹಾಡಿನ ತಾಳ ಮಷಿನ್ ತಾಳ, ಶುರುವಿಂದ ಕಡೀತನಕ ಒಂದೇ. ಇದು ಹಂಗಲ್ಲ, ಮೆಲ್ಲಕ ಏಳ್ತದ, ಒಂದು ಸುತ್ತು ಆದಂಗ ಸ್ವಲ್ಪ ಏರ್ತದ, ಪದದ ಕಡೀ ಸಾಲಿಗೆ ಇಳೀತದ. ಇಳದಾಗ ಮಂದಿ ಉಸಿರು ತಗೊಳ್ಳಾಕ ಅಂತ ಮಾವಾರು ಹೇಳಿದ್ರು. ಮಗ ನಾಕು ನಡಿಗೊಂದ್ಸಲ ವೇಗ ಬದಲ್ ಮಾಡ್ಕೋತ, ಮೂರು ಐತವಾರ ಕುಂತು ಬರದ. ಅಜ್ಜ ಮಗ್ಗಲಕ್ಕ ಕುಂತು ಎಡಕ, ಬಲಕ, ಹಿಂದ ಅಂತ ಹೇಳಿದ್ರು. ನಡುನಡುವ ತಿರುಗೂ ಹೆಜ್ಜಿ ಬಂದಾಗ ಇಬ್ರೂ ಸುಮ್ನಾಗ್ತಿದ್ರು. ನಾಕು ಬಾಣದಾಗ ತಿರುಗೂದು ಹೆಂಗ ಬರೀಬೇಕು? ಮಗ್ಗಲಿನಾಂವನ ಭುಜ ನೋಡಿ ಕಾಲು ಹಾಕೂದು ಹೆಂಗ ಬರೀಬೇಕು? ಅವನ್ನ ಬಿಟ್ರು. ಮಾವಾರಿಗೆ ಅದು ಸರಿ ಬರಲಿಲ್ಲ, "ಇದು ಹೆಜ್ಜಿಮೇಳ ಅಲ್ಲ ಮತ್ತ, ಹೆಜ್ಜಿಮೇಳದ ಲೆಕ್ಕ" ಅಂತ ಎರಡು ಸಲ ಹೇಳಿದ್ರು.

ಒಟ್ಟು 47 ಸೆಕೆಂಡು. ಯಾಕಂದ್ರ ರೆಕಾರ್ಡಿನ್ಯಾಗ ಅಲ್ಲಿಗೆ ಹಾಲಿನಾಕಿ ಬಂದು ಗೇಟ್ ಬಡದು "ಹಾಲ್ರೀ ಅಕ್ಕಾರ" ಅಂತ ಕೂಗ್ಯಾಳ, ಮಾವಾರು ಕಟಗಿ ಕೆಳಗಿಟ್ಟಾರ. ಮತ್ತೊಮ್ಮಿ ರೆಕಾರ್ಡ್ ಮಾಡೂಣು ಅಂದೆ, ಮಗ ಬ್ಯಾಡ ಅಂದ.

ಹೋದ ಶನಿವಾರ ಮೊದಲ್ನೇ ಸಲ ಆಡಿದ್ವಿ. ಪರದೆ ಕಟ್ಟಿದ್ದೆ, ಪಡಸಾಲ್ಯಾಗಿನ ಕುರ್ಚಿ ಬಾಗಿಲ ತನಕ ಬಂದಿತ್ತು. ಬೂಟಿಲ್ಲದ ಕಾಲು, ಮೆಲ್ಲಗಿನ ಹೆಜ್ಜಿ, ಎಡಕ ಎಡಕ ಬಲಕ, ಹಿಂದ, ಪರಾತದ ದನಿ ಏರಿದಂಗ ಬಾಣ ಒತ್ತೊತ್ತಾಗಿ ಬಂದ್ವು, ನಡುವಿನ ಮನಿ ನೆನಪೇ ಆಗ್ಲಿಲ್ಲ. ಇಳಿಯೂ ಜಾಗದಾಗ ಮಾತ್ರ ಕಾಲು ತಾನಾಗೇ ಮುಂದ ಓಡ್ತು, ನಾಕು ಮಿಸ್ಸು ಒಂದರ ಹಿಂದೊಂದು. "ಉಸಿರು ತಗೋ ಅಲ್ಲಿ" ಅಂದ್ರು ಮಾವಾರು. ಆಮ್ಯಾಲ ಮತ್ತ ಏರಿತು. ಕಡೀಗೆ ಗೇಟಿನ ಸಪ್ಪಳ, "ಹಾಲ್ರೀ" ಅನ್ನೂದಕ್ಕ ಸರಿಯಾಗಿ ಎರಡು ಬಾಣ ಜೋಡಿ ಏರಿ ಬಂದ್ವು. ಮಗ ಅಲ್ಲೊಂದು ಜಿಗಿತ ಇಟ್ಟಿದ್ದ, ನನಗ ಹೇಳಿರಲಿಲ್ಲ. ಜಿಗಿದೆ.

ತೆರಿ ಮ್ಯಾಲ ಸಿ ಅಂತ ಬಂತು.

"ಸಿ ಅಂದ್ರ ಪಾಸೋ ಫೇಲೋ?" ಅಂದ್ರು ಮಾವಾರು.

"ಪಾಸ್ ರೀ ಮಾವಾರ."

"ಹಂಗಾರ ಮೊದ್ಲಿಂದ ಹಚ್ಚು."